ಅತಿ ದೂರದ ಗೆಲಾಕ್ಸಿಗಳ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು 2022ರ ಜುಲೈನಲ್ಲಿ ಹೊರಬಂದಾಗಿನಿಂದ ‘ಅತಿ ದೂರದ ಗೆಲಾಕ್ಸಿ ಪತ್ತೆ’ ಎಂಬ ಸುದ್ದಿ ಮೇಲಿಂದ ಮೇಲೆ ಬರುತ್ತಲೇ ಇದೆ. ಅವುಗಳಲ್ಲಿ ಕೆಲವು ನಿಂತಿವೆ, ಕೆಲವು ವರ್ಷದೊಳಗೆ ಬಿದ್ದುಹೋಗಿವೆ. ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವುದೇ ಈ ಕೆಲಸದ ಮುಕ್ಕಾಲು ಪಾಲು. ಹಾಗಾಗಿ ಇಲ್ಲಿನ ಉತ್ತರಗಳಲ್ಲೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಖಚಿತವಾದವುಗಳಲ್ಲಿ ಅತಿ ದೂರದ್ದು ಯಾವುದು?

2016ರಲ್ಲಿ ಹಬಲ್ ದೂರದರ್ಶಕ ಕಂಡ ಜಿಎನ್-ಝಡ್11 ಆರು ವರ್ಷ ದಾಖಲೆ ಉಳಿಸಿಕೊಂಡಿತ್ತು. 2022ರ ಕೊನೆಯಲ್ಲಿ ವೆಬ್‌ನ ಜೇಡ್ಸ್ ತಂಡ ಝಡ್ (ದೂರ ಸೂಚಿಸುವ ಅಳತೆ, ಮುಂದೆ ವಿವರಿಸಿದ್ದೇವೆ) 13.2ರ ಗೆಲಾಕ್ಸಿಯೊಂದರ ರೋಹಿತ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿ, ತೋರಿಸಿತು. 2024ರ ಮೇನಲ್ಲಿ ಅದೇ ತಂಡದ ಜೇಡ್ಸ್-ಜಿಎಸ್-ಝಡ್14-0 ಬಂತು. 2025ರ ಮೇನಲ್ಲಿ ಪ್ರಕಟವಾದ ಮಾಮ್-ಝಡ್14 ಆವರೆಗಿನ ಎಲ್ಲವನ್ನೂ ಹಿಂದಿಕ್ಕಿತು. ಅದರ ಝಡ್ 14.44. ಮಹಾಸ್ಫೋಟವಾಗಿ ಸುಮಾರು 28 ಕೋಟಿ ವರ್ಷಕ್ಕೆ ಅಲ್ಲಿಂದ ಹೊರಟ ಬೆಳಕನ್ನು ನಾವು ಈಗ ನೋಡುತ್ತಿದ್ದೇವೆ.

ರೋಹಿತ ಇಲ್ಲದೆ, ಬರೀ ಚಿತ್ರಗಳ ಆಧಾರದ ಮೇಲೆ ‘ಇನ್ನೂ ದೂರ’ ಎನ್ನುವ ವಸ್ತುಗಳ ಪಟ್ಟಿ ಇದಕ್ಕಿಂತ ಬಹಳ ಉದ್ದವಿದೆ. ಅವೆಲ್ಲ ಅಭ್ಯರ್ಥಿಗಳು ಮಾತ್ರ.

ಈ ‘ಝಡ್’ ಅಂದರೇನು?

ರೆಡ್‌ಶಿಫ್ಟ್, ಅಂದರೆ ಕೆಂಪು ಪಲ್ಲಟದ ಅಳತೆ. ಬೆಳಕು ಪ್ರಯಾಣಿಸುವ ಹೊತ್ತಿನಲ್ಲಿ ವಿಶ್ವ ಹಿಗ್ಗುವುದರಿಂದ ಅದರ ತರಂಗಾಂತರವೂ ಹಿಗ್ಗುತ್ತದೆ. ನಮಗೆ ತಲುಪಿದ ತರಂಗಾಂತರವನ್ನು ಹೊರಟಾಗಿನ ತರಂಗಾಂತರದಿಂದ ಭಾಗಿಸಿ, ಒಂದು ಕಳೆದರೆ ಝಡ್ ಸಿಗುತ್ತದೆ. ಝಡ್ 14 ಎಂದರೆ ತರಂಗಾಂತರ 15 ಪಟ್ಟಾಗಿದೆ ಎಂದರ್ಥ.

ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ಝಡ್ 6ರ ಹೊತ್ತಿಗೆ ಅದು ಸುಮಾರು 93 ಕೋಟಿ ಆಗಿತ್ತು, ಝಡ್ 10ರಲ್ಲಿ 47 ಕೋಟಿ, ಝಡ್ 14ರಲ್ಲಿ 30 ಕೋಟಿಗೆ ತುಸು ಕಡಿಮೆ, ಝಡ್ 20ರಲ್ಲಿ 18 ಕೋಟಿ. ಮೇಲೆ ಹೋದಂತೆ ಝಡ್ ದಡದಡನೆ ಏರಿದರೂ ಕಾಲ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತದೆ. 14.2ರಿಂದ 14.4ಕ್ಕೆ ಹೋದ ‘ಹೊಸ ದಾಖಲೆ’ಯಲ್ಲಿ ನಾವು ಹಿಂದಕ್ಕೆ ಸರಿದದ್ದು ಐವತ್ತು–ಅರವತ್ತು ಲಕ್ಷ ವರ್ಷಗಳಷ್ಟೇ. ದಾಖಲೆಗಿಂತ, ಆ ಕಾಲದಲ್ಲಿ ಎಷ್ಟು ಗೆಲಾಕ್ಸಿಗಳಿದ್ದವು, ಎಷ್ಟು ಬೆಳಗುತ್ತಿದ್ದವು ಎಂಬ ಎಣಿಕೆಯೇ ವಿಜ್ಞಾನಕ್ಕೆ ಮುಖ್ಯ.

ವಿಶ್ವದ ವಯಸ್ಸು 1,380 ಕೋಟಿ ವರ್ಷ. ಗೆಲಾಕ್ಸಿ 3,400 ಕೋಟಿ ಜ್ಯೋತಿರ್ವರ್ಷ ದೂರ ಇರುವುದು ಹೇಗೆ?

ಮಾಮ್-ಝಡ್14ರ ಬೆಳಕು ಪ್ರಯಾಣಿಸಿದ್ದು ಸುಮಾರು 1,350 ಕೋಟಿ ವರ್ಷ. ಅಷ್ಟರಲ್ಲಿ ನಡುವಿನ ವಿಶ್ವವೇ ಹಿಗ್ಗಿದ್ದರಿಂದ ಆ ಗೆಲಾಕ್ಸಿ ಇದ್ದ ಜಾಗ ಈಗ ಸುಮಾರು 3,400 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಸರಿದಿದೆ. ಎರಡೂ ಸಂಖ್ಯೆ ಸರಿಯೇ. ಬೆರೆಸಿ ಹೇಳಿದಾಗ ಮಾತ್ರ ಗೊಂದಲವಾಗುತ್ತದೆ.

ಒಂದೇ ಚಿತ್ರದಲ್ಲಿ ಸಾವಿರಾರು ಚುಕ್ಕೆಗಳಿರುತ್ತವೆ. ದೂರದ್ದನ್ನು ಹೆಕ್ಕುವುದು ಹೇಗೆ?

ಚುಕ್ಕೆ ಯಾವ ಫಿಲ್ಟರ್‌ನಲ್ಲಿ (ನಿರ್ದಿಷ್ಟ ತರಂಗಾಂತರಗಳನ್ನಷ್ಟೇ ಒಳಬಿಡುವ ಸೋಸುಗಾಜು) ಮಾಯವಾಗುತ್ತದೆ ಎಂದು ನೋಡಿ. ಗೆಲಾಕ್ಸಿಯ ಸುತ್ತಲೂ ದಾರಿಯುದ್ದಕ್ಕೂ ಇರುವ ತಟಸ್ಥ ಹೈಡ್ರೋಜನ್, 0.1216 ಮೈಕ್ರಾನ್‌ಗಿಂತ ಗಿಡ್ಡ ತರಂಗಾಂತರದ ನೇರಳಾತೀತ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತದೆ. ಇದು ಲೈಮನ್ ಆಲ್ಫಾ ಅಂಚು. ಝಡ್ 14ರ ಗೆಲಾಕ್ಸಿಯಲ್ಲಿ ಈ ಅಂಚು 15 ಪಟ್ಟು ಹಿಗ್ಗಿ 1.82 ಮೈಕ್ರಾನ್‌ಗೆ ಬಂದಿರುತ್ತದೆ. ಅದರ ಆಚೆ (ಉದ್ದ ತರಂಗಾಂತರದ, ಅಂದರೆ ಕೆಂಪು ಕಡೆ) ಬೆಳಕು, ಈಚೆ (ಗಿಡ್ಡ ತರಂಗಾಂತರದ, ಅಂದರೆ ನೀಲಿ ಕಡೆ) ಕತ್ತಲು. ಹಬಲ್‌ನ ಕಣ್ಣು ಸುಮಾರು 1.7 ಮೈಕ್ರಾನ್‌ಗೇ ಮುಗಿಯುವುದರಿಂದ ಇಂಥ ಗೆಲಾಕ್ಸಿ ಅದಕ್ಕೆ ಕಾಣುವಂತೆಯೇ ಇರಲಿಲ್ಲ. ವೆಬ್‌ನ ನಿಯರ್‌ಕ್ಯಾಮ್ ಕ್ಯಾಮೆರಾ 5 ಮೈಕ್ರಾನ್‌ವರೆಗೆ ನೋಡುತ್ತದೆ.

ಫಿಲ್ಟರ್‌ಗಳ ಲೆಕ್ಕ ಹೀಗೆ (ಹೆಸರಿನ ಅಂಕಿ ತರಂಗಾಂತರ ಸೂಚಿಸುತ್ತದೆ, 090 ಎಂದರೆ 0.90 ಮೈಕ್ರಾನ್): ಎಫ್090ಡಬ್ಲ್ಯೂನಲ್ಲಿ ಪೂರ್ತಿ ಮಾಯವಾಗಿ ಮುಂದಿನದರಲ್ಲಿ ಕಂಡರೆ ಝಡ್ ಸುಮಾರು 7.3ಕ್ಕಿಂತ ಹೆಚ್ಚು. ಎಫ್115ಡಬ್ಲ್ಯೂನಲ್ಲಿ ಮಾಯವಾದರೆ 9.5ಕ್ಕಿಂತ, ಎಫ್150ಡಬ್ಲ್ಯೂನಲ್ಲೂ ಇಲ್ಲದಿದ್ದರೆ 12.7ಕ್ಕಿಂತ, ಎಫ್200ಡಬ್ಲ್ಯೂನಲ್ಲೂ ಇಲ್ಲದಿದ್ದರೆ 17.3ಕ್ಕಿಂತ ಹೆಚ್ಚು. ಆ ಫಿಲ್ಟರ್‌ನ ಕೆಂಪು ತುದಿಯನ್ನು 0.1216ರಿಂದ ಭಾಗಿಸಿ ಒಂದು ಕಳೆದರೆ ಈ ಅಂಕಿಗಳು ಬರುತ್ತವೆ. ಕಾಗದದ ಮೇಲೆ ನೀವೇ ಮಾಡಿ ನೋಡಬಹುದು.

ಚಿತ್ರದಿಂದ ಅಭ್ಯರ್ಥಿಯವರೆಗೆ ಏನೇನು ಮಾಡಬೇಕು?

ಮೊದಲು ಎಲ್ಲ ಫಿಲ್ಟರ್‌ಗಳ ಚಿತ್ರಗಳನ್ನು ಒಂದೇ ಪಿಕ್ಸೆಲ್ ಚೌಕಟ್ಟಿಗೆ ತಂದು ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಸ್ಥಾನಕ್ಕೆ ಹೊಂದಿಸಬೇಕು. ಕೆಂಪು ಕಡೆಯ ಫಿಲ್ಟರ್‌ಗಳನ್ನು ಕೂಡಿಸಿದ ಚಿತ್ರದಲ್ಲಿ ವಸ್ತುಗಳನ್ನು ಗುರುತಿಸಿ, ಅದೇ ಜಾಗದಲ್ಲಿ ಎಲ್ಲ ಫಿಲ್ಟರ್‌ಗಳಲ್ಲೂ ಬೆಳಕು ಅಳೆಯಬೇಕು. ಅಳತೆಯ ವೃತ್ತ ಸಾಮಾನ್ಯವಾಗಿ 0.2ರಿಂದ 0.3 ಆರ್ಕ್‌ಸೆಕೆಂಡ್ ವ್ಯಾಸದ್ದು (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್).

ಎಡವುವುದು ಇಲ್ಲೇ. ಎಫ್115ಡಬ್ಲ್ಯೂನಲ್ಲಿ ಚುಕ್ಕೆಯ ಅಗಲ 0.04 ಆರ್ಕ್‌ಸೆಕೆಂಡ್, ಎಫ್444ಡಬ್ಲ್ಯೂನಲ್ಲಿ 0.14. ಎಲ್ಲವನ್ನೂ ಎಫ್444ಡಬ್ಲ್ಯೂನಷ್ಟೇ ಮಸುಕು ಮಾಡದೆ ಅಳೆದರೆ ಕೆಂಪು ಬೆಳಕು ವೃತ್ತದಿಂದ ಹೆಚ್ಚು ಸೋರಿಹೋಗಿ, ವಸ್ತು ಇರುವುದಕ್ಕಿಂತ ನೀಲಿಯಾಗಿ ಕಾಣುತ್ತದೆ.

ಗದ್ದಲವನ್ನು, ಅಂದರೆ ನಾಯ್ಸ್ ಅನ್ನು, ಪಿಕ್ಸೆಲ್‌ನಿಂದ ಲೆಕ್ಕ ಹಾಕಬೇಡಿ. ಹಲವು ಚಿತ್ರ ಜೋಡಿಸಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಹಾಗಾಗಿ ಲೆಕ್ಕ ಕಡಿಮೆ ಬರುತ್ತದೆ. ಖಾಲಿ ಆಕಾಶದಲ್ಲಿ ಅದೇ ಅಳತೆಯ ನೂರಾರು ವೃತ್ತ ಇಟ್ಟು, ಅವುಗಳ ಅಳತೆ ಎಷ್ಟು ಚದುರಿದೆ ಎಂದು ನೋಡುವುದೇ ಸರಿಯಾದ ದಾರಿ.

ಕಾಂತಿಮಾನದಲ್ಲಿ (ಅಂಕಿ ಹೆಚ್ಚಿದಷ್ಟೂ ವಸ್ತು ಮಂಕು) ಅಲ್ಲ, ಬೆಳಕಿನ ನೇರ ಅಳತೆಯಾದ ನ್ಯಾನೋಜಾನ್ಸ್ಕಿಯಲ್ಲಿ ಕೆಲಸ ಮಾಡಿ. ಕಾಣದ ಫಿಲ್ಟರ್‌ನಲ್ಲಿ ಅಳತೆ ಋಣ ಸಂಖ್ಯೆಯಾಗಿ ಬರುವುದು ಸಹಜ. ಅದನ್ನು ಸೊನ್ನೆ ಮಾಡಿದರೆ ಮಾಹಿತಿಯನ್ನೇ ಅಳಿಸಿದಂತೆ. ನೆನಪಿಗೆ: 1 ನ್ಯಾನೋಜಾನ್ಸ್ಕಿ ಎಂದರೆ ಕಾಂತಿಮಾನ 31.4, 10 ಎಂದರೆ 28.9.

ಆಯ್ಕೆಯ ನಿಯಮಗಳು ತಂಡದಿಂದ ತಂಡಕ್ಕೆ ಬದಲಾಗುತ್ತವೆ. ಕನಿಷ್ಠ ಎರಡು ಕೆಂಪು ಫಿಲ್ಟರ್‌ಗಳಲ್ಲಿ 5 ಸಿಗ್ಮಾ (ಗದ್ದಲದ ಐದು ಪಟ್ಟು) ಮೀರಿ ಕಾಣಬೇಕು, ಅಂಚಿನ ಈಚೆಗಿನ ಎಲ್ಲ ಫಿಲ್ಟರ್‌ಗಳಲ್ಲೂ 2 ಸಿಗ್ಮಾಗಿಂತ ಕೆಳಗಿರಬೇಕು, ಅಂಚಿನಲ್ಲಿ ಕನಿಷ್ಠ ಒಂದು ಕಾಂತಿಮಾನದ ಇಳಿತ ಇರಬೇಕು ಎನ್ನುವುದು ಸಾಮಾನ್ಯ. ನೀಲಿ ಕಡೆಯ ಚಿತ್ರ ಸಾಕಷ್ಟು ಆಳವಾಗಿರದಿದ್ದರೆ ಇಳಿತವನ್ನು ಅಳೆಯಲಿಕ್ಕೇ ಆಗದು. ವಸ್ತುವಿನ ಕಾಂತಿಮಾನ 28.5, ನೀಲಿ ಚಿತ್ರದ ಮಿತಿ 29 ಎಂದಾದರೆ ನೀವು ಹೇಳಬಹುದಾದದ್ದು ‘ಇಳಿತ ಅರ್ಧ ಕಾಂತಿಮಾನಕ್ಕಿಂತ ಹೆಚ್ಚು’ ಎಂದಷ್ಟೇ.

ಕೊನೆಗೆ ಈಜಿಯಂಥ ತಂತ್ರಾಂಶದಲ್ಲಿ ಮಾದರಿ ರೋಹಿತಗಳನ್ನು ಹೊಂದಿಸಿ, ದೂರದ ಉತ್ತರ ಹತ್ತಿರದ ಉತ್ತರಕ್ಕಿಂತ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಕೈ-ವರ್ಗದ (ಕೈ-ಸ್ಕ್ವೇರ್, ಮಾದರಿ ಅಳತೆಗೆ ಎಷ್ಟು ಹೊಂದುವುದಿಲ್ಲ ಎಂದು ಹೇಳುವ ಅಂಕಿ) ವ್ಯತ್ಯಾಸದಲ್ಲಿ ನೋಡುತ್ತಾರೆ. ವ್ಯತ್ಯಾಸ 4 ಇದ್ದರೆ ಸಾಕು ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ 9ಕ್ಕಿಂತ ಕೆಳಗಿನದನ್ನು ಸುದ್ದಿಗೆ ಕೊಡಬಾರದು.

ದೂರದ್ದು ಎಂದು ಮೋಸ ಮಾಡುವ ವಸ್ತುಗಳು ಯಾವುವು?

ಅತಿ ದೊಡ್ಡ ಮೋಸಗಾರ ಬಾಮರ್ ಅಂಚು. ವಯಸ್ಸಾದ ನಕ್ಷತ್ರಗಳಿರುವ ಹತ್ತಿರದ ಗೆಲಾಕ್ಸಿಯಲ್ಲೂ 0.365 ಮೈಕ್ರಾನ್ ಬಳಿ ಬೆಳಕು ಇಳಿಯುತ್ತದೆ. ಇದು ಲೈಮನ್ ಆಲ್ಫಾದ ಮೂರು ಪಟ್ಟು. ಆದ್ದರಿಂದ 1 ಕೂಡಿಸಿದ ಝಡ್ ಅನ್ನು ಮೂರರಿಂದ ಭಾಗಿಸಿದರೆ ವೇಷಧಾರಿಯ ವಿಳಾಸ ಸಿಗುತ್ತದೆ: ಝಡ್ 14ರ ವೇಷ ಹಾಕುವುದು ಝಡ್ 4ರ ಗೆಲಾಕ್ಸಿ, ಝಡ್ 17ರ ವೇಷ ಹಾಕುವುದು ಝಡ್ 5ರದ್ದು. ಜೊತೆಗೆ ದೂಳು ತುಂಬಿದ್ದರೆ ನೀಲಿ ಕಡೆ ಇನ್ನಷ್ಟು ಕಪ್ಪಾಗುತ್ತದೆ.

ಎರಡನೆಯದು ಹೊಳೆಯುವ ಅನಿಲದ ಗೆರೆಗಳು, ಅಂದರೆ ಒಂದೊಂದು ಧಾತು ತನ್ನದೇ ತರಂಗಾಂತರದಲ್ಲಿ ಚೆಲ್ಲುವ ಬೆಳಕು. ಸೀರ್ಸ್-93316 ಎಂಬ ಗೆಲಾಕ್ಸಿಯ ಕಥೆ ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕಾದ ಪಾಠ. 2022ರಲ್ಲಿ ಚಿತ್ರಗಳಿಂದ ಅದರ ಝಡ್ 16.4 ಎಂದು ಅಂದಾಜಾಯಿತು. 2023ರಲ್ಲಿ ರೋಹಿತ ತೆಗೆದಾಗ ಬಂದದ್ದು 4.9. ಆಗಿದ್ದು ಇಷ್ಟು: ಝಡ್ 4.9ರಲ್ಲಿ ಅಯಾನೀಕೃತ ಆಮ್ಲಜನಕದ ಗೆರೆ 2.96 ಮೈಕ್ರಾನ್‌ಗೆ ಬಂದು ಎಫ್277ಡಬ್ಲ್ಯೂ ಒಳಗೆ ಬೀಳುತ್ತದೆ. ಹೈಡ್ರೋಜನ್‌ನ ಆಲ್ಫಾ ಗೆರೆ 3.88 ಮೈಕ್ರಾನ್‌ಗೆ ಬಂದು, ಎಫ್356ಡಬ್ಲ್ಯೂ, ಎಫ್410ಎಂ, ಎಫ್444ಡಬ್ಲ್ಯೂ ಮೂರೂ ಒಂದರ ಮೇಲೊಂದು ಹಾಯುವ ಸಣ್ಣ ಪಟ್ಟಿಯಲ್ಲಿ ಕೂರುತ್ತದೆ. ನಾಲ್ಕೂ ಕೆಂಪು ಫಿಲ್ಟರ್‌ಗಳು ಒಟ್ಟಿಗೆ ಉಬ್ಬಿ, ನೀಲಿ ಫಿಲ್ಟರ್‌ಗಳು ಇದ್ದಂತೆ ಉಳಿದವು. ನೋಡಲು ಥೇಟು ಲೈಮನ್ ಅಂಚು. ಸುಳಿವೊಂದು ಮೊದಲೇ ಇತ್ತು: ಆಕಾಶದ ಅದೇ ಜಾಗದಲ್ಲಿ ಸುತ್ತಲಿನ ಹಲವು ಗೆಲಾಕ್ಸಿಗಳ ಝಡ್ ಕೂಡ 4.9ರ ಆಸುಪಾಸಿನಲ್ಲೇ ಇತ್ತು. ಅದನ್ನು ಗಮನಿಸಿ ಎಚ್ಚರಿಸಿದವರೂ ಇದ್ದರು. ಅಂದಿನಿಂದ ನೆರೆಹೊರೆ ನೋಡುವುದು ಪರಿಶೀಲನೆಯ ಭಾಗವೇ ಆಗಿದೆ.

ಮೂರನೆಯದು ನಮ್ಮದೇ ಹಾಲುಹಾದಿಯ ಕಂದು ಕುಬ್ಜಗಳು, ಅಂದರೆ ನಕ್ಷತ್ರವಾಗಲು ಸಾಲದ ತಣ್ಣನೆಯ ಕಾಯಗಳು. ಮೀಥೇನ್ ಮತ್ತು ನೀರಿನ ಆವಿ ಅವುಗಳ ಅವಕೆಂಪು ಬೆಳಕನ್ನು ತುಂಡುತುಂಡು ಮಾಡಿ ಅಂಚುಗಳಂತೆ ತೋರಿಸುತ್ತವೆ. ಇವು ಕೇವಲ ಬಿಂದು. ಗೆಲಾಕ್ಸಿಗೆ ಸಾಮಾನ್ಯವಾಗಿ ಒಂದಿಷ್ಟು ಹರವು ಇರುತ್ತದೆ, ಆದರೆ ಮಾಮ್-ಝಡ್14ನಂಥ ಪುಟಾಣಿಗಳಿಗೆ ಈ ಪರೀಕ್ಷೆ ಅಷ್ಟು ಸಹಾಯ ಮಾಡದು. ವರ್ಷಗಳ ಅಂತರದ ಎರಡು ಚಿತ್ರಗಳಲ್ಲಿ ಚುಕ್ಕೆ ಜರುಗಿದ್ದರೆ ಅದು ನಮ್ಮ ನೆರೆಯದ್ದೇ.

ಇನ್ನು ಉಪಕರಣದ ಮೋಸಗಳು. ಕಾಸ್ಮಿಕ್ ಕಿರಣ ಬಡಿದು ಡಿಟೆಕ್ಟರ್‌ನಲ್ಲಿ ಮೂಡುವ ದುಂಡನೆಯ ಕಲೆಗಳು (ಇವನ್ನು ಹಿಮದುಂಡೆ ಎಂದೇ ಕರೆಯುತ್ತಾರೆ), ಚದುರಿದ ಬೆಳಕಿನ ಎಳೆಗಳು, ಸಾಲುಸಾಲಾದ ಪಟ್ಟೆ ಗದ್ದಲ, ಹಿಂದಿನ ಪ್ರಕಾಶಮಾನ ನಕ್ಷತ್ರದ ಉಳಿದ ನೆರಳು. ಇವಕ್ಕೆ ಮದ್ದು ಒಂದೇ: ಜೋಡಿಸಿದ ಚಿತ್ರವನ್ನಷ್ಟೇ ನಂಬದೆ ಬಿಡಿಬಿಡಿ ಎಕ್ಸ್‌ಪೋಷರ್‌ಗಳನ್ನೂ ತೆರೆದು ನೋಡುವುದು. ದೂರದರ್ಶಕವನ್ನು ಪ್ರತಿ ಸಲ ಕೊಂಚ ಸರಿಸಿ ತೆಗೆದಿರುವುದರಿಂದ, ನಿಜವಾದ ವಸ್ತು ಆಕಾಶದೊಂದಿಗೆ ಸರಿಯುತ್ತದೆ, ಡಿಟೆಕ್ಟರ್‌ನ ಕಲೆ ತನ್ನ ಪಿಕ್ಸೆಲ್‌ನಲ್ಲೇ ಕೂತಿರುತ್ತದೆ. 2022ರಲ್ಲಿ ವೆಬ್ ಚಿತ್ರಗಳು ಬರತೊಡಗಿದ ಮೊದಲ ವಾರಗಳಲ್ಲಿ ಇನ್ನೊಂದು ತೊಡಕಿತ್ತು: ನಿಯರ್‌ಕ್ಯಾಮ್‌ನ ಕೆಲವು ಡಿಟೆಕ್ಟರ್‌ಗಳ ಬೆಳಕಿನ ಮಾಪನ ಇನ್ನೂ ಪಕ್ಕಾ ಆಗಿರಲಿಲ್ಲ. ಅದು ಸರಿಯಾದ ಮೇಲೆ ಹಲವು ಅಭ್ಯರ್ಥಿಗಳ ಝಡ್ ಬದಲಾಯಿತು.

ರೋಹಿತ ತೆಗೆಯುವುದು ಅಷ್ಟು ಕಷ್ಟವೇ?

ಕಷ್ಟಕ್ಕಿಂತ ಸಮಯದ ಬೆಲೆ ಹೆಚ್ಚು. ವೆಬ್‌ನ ರೋಹಿತ ತೆಗೆಯುವ ಉಪಕರಣವಾದ ನಿಯರ್‌ಸ್ಪೆಕ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಪುಟ್ಟ ಕಿಂಡಿಗಳಿವೆ. ಒಂದೊಂದೂ ಆಕಾಶದಲ್ಲಿ 0.20 × 0.46 ಆರ್ಕ್‌ಸೆಕೆಂಡ್. ಬೇಕಾದ ಗೆಲಾಕ್ಸಿಗಳ ಮುಂದಿನ ಕಿಂಡಿ ತೆರೆದು, ಮಿಕ್ಕವನ್ನು ಮುಚ್ಚಿ, ಒಂದೇ ಸಲಕ್ಕೆ ನೂರಾರು ರೋಹಿತ ತೆಗೆಯಬಹುದು. ಸಾಮಾನ್ಯವಾಗಿ ಒಂದು ವಸ್ತುವಿಗೆ ಮೂರು ಕಿಂಡಿ ಸಾಲಾಗಿ ತೆರೆದು, ವಸ್ತುವನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಖಾಲಿ ಉಳಿದ ಎರಡರಿಂದ ಹಿನ್ನೆಲೆ ಕಳೆಯುತ್ತಾರೆ.

ಸ್ಥಾನ 0.1 ಆರ್ಕ್‌ಸೆಕೆಂಡ್ ತಪ್ಪಿದರೆ ಗೆಲಾಕ್ಸಿ ಕಿಂಡಿಯ ಅಂಚಿಗೆ ಸರಿದು ಬೆಳಕಿನ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಅದಕ್ಕೇ ಮೊದಲು ನಿಯರ್‌ಕ್ಯಾಮ್ ಚಿತ್ರ, ಆಮೇಲೆ ಕಿಂಡಿಯ ಯೋಜನೆ. ಕೆಲವು ಕಿಂಡಿಗಳು ತೆರೆಯುವುದೇ ಇಲ್ಲ, ಕೆಲವು ಮುಚ್ಚುವುದಿಲ್ಲ. ಮುಚ್ಚದ ಕಿಂಡಿಯಿಂದ ಬರುವ ಬೇರೆಯವರ ಬೆಳಕು ನಿಮ್ಮ ರೋಹಿತದ ಮೇಲೆ ಬೀಳಬಹುದು. ಹಾಗಾಗಿ ಯೋಜನೆ ಮಾಡುವಾಗಲೇ ಅವುಗಳ ಪಟ್ಟಿ ಎದುರಿಗಿರಬೇಕು. ಜೇಡ್ಸ್-ಜಿಎಸ್-ಝಡ್14-0ಗೆ 2024ರ ಜನವರಿಯಲ್ಲಿ ಹೆಚ್ಚುಕಡಿಮೆ ಹತ್ತು ಗಂಟೆ ಹಿಡಿಯಿತು. ಅದರ ಪಕ್ಕದಲ್ಲೇ ಹತ್ತಿರದ ಗೆಲಾಕ್ಸಿಯೊಂದು ಇದ್ದುದರಿಂದ, ರೋಹಿತ ಬರುವವರೆಗೂ ಅದರ ಮೇಲೆ ಅನುಮಾನವಿತ್ತು.

ಜೇಡ್ಸ್-ಜಿಎಸ್-ಝಡ್14-0ರ ಝಡ್ 14.32 ಇದ್ದದ್ದು 14.18 ಆದದ್ದೇಕೆ?

ನಿಯರ್‌ಸ್ಪೆಕ್‌ನ ಪ್ರಿಸಂ ಬಹಳ ಸೂಕ್ಷ್ಮವಾಗಿ ಬಿಡಿಸದು. ಗೆರೆಗಳು ಕಾಣದಿದ್ದಾಗ ಅಂಚು ಎಲ್ಲಿದೆ ಎಂಬುದರಿಂದಲೇ ಝಡ್ ತೆಗೆಯಬೇಕು. ಗೆಲಾಕ್ಸಿಯೊಳಗೇ ದಟ್ಟ ಹೈಡ್ರೋಜನ್ ಇದ್ದರೆ ಅಂಚು ಕಡಿದಂತಿರದೆ ಕೆಂಪಿನ ಕಡೆಗೆ ಇಳಿಜಾರಾಗುತ್ತದೆ, ಝಡ್ ಹೆಚ್ಚು ತೋರುತ್ತದೆ. 2025ರಲ್ಲಿ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಗಳು ಅದೇ ಗೆಲಾಕ್ಸಿಯ ಆಮ್ಲಜನಕದ ಗೆರೆಯನ್ನು ಸುಮಾರು 223.5 ಗಿಗಾಹರ್ಟ್ಸ್‌ನಲ್ಲಿ ಹಿಡಿದವು. 88 ಮೈಕ್ರಾನ್‌ನಲ್ಲಿ ಹೊರಟ ಗೆರೆ ಅದು. ಅದರಿಂದ ಬಂದದ್ದು 14.18, ಅದೂ ದಶಮಾಂಶದ ಮೂರನೆಯ ಸ್ಥಾನದವರೆಗೆ ಖಚಿತ. ಜಿಎನ್-ಝಡ್11 ಕೂಡ ಹೀಗೇ 11.09ರಿಂದ 10.60ಕ್ಕೆ ಇಳಿದಿತ್ತು. ಹುಟ್ಟಿ 30 ಕೋಟಿ ವರ್ಷದ ವಿಶ್ವದಲ್ಲಿ ಆಗಲೇ ಆಮ್ಲಜನಕ! ಅಂದರೆ ಅಷ್ಟರೊಳಗೆ ಒಂದು ಪೀಳಿಗೆಯ ಭಾರಿ ನಕ್ಷತ್ರಗಳು ಹುಟ್ಟಿ, ಸಿಡಿದು, ಹೊಸ ಧಾತುಗಳನ್ನು ಚೆಲ್ಲಿದ್ದವು. ಈ ಒಂದು ಗೆರೆಗೆ ನಮ್ಮ ಲೆಕ್ಕದಲ್ಲಿ ಹತ್ತು ದಾಖಲೆಗಳ ತೂಕವಿದೆ.

ಇನ್ನಷ್ಟು ಹೊತ್ತು ನೋಡಿದರೆ ಇನ್ನಷ್ಟು ದೂರದ್ದು ಸಿಗುವುದಿಲ್ಲವೇ?

ಸಿಗುತ್ತದೆ, ಆದರೆ ದುಬಾರಿ. ಸೂಕ್ಷ್ಮತೆ ಸಮಯದ ವರ್ಗಮೂಲದಷ್ಟೇ ಏರುತ್ತದೆ. ಒಂದು ಕಾಂತಿಮಾನ ಆಳಕ್ಕೆ, ಅಂದರೆ ಎರಡೂವರೆ ಪಟ್ಟು ಮಂಕು ವಸ್ತುವಿಗೆ, ಆರು ಪಟ್ಟಿಗೂ ಹೆಚ್ಚು ಸಮಯ ಬೇಕು. ಕಾಂತಿಮಾನ 28ರ ಗೆಲಾಕ್ಸಿ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ 6ರ ನಕ್ಷತ್ರಕ್ಕಿಂತ 63 ಕೋಟಿ ಪಟ್ಟು ಮಂಕು. ಅಡ್ಡದಾರಿ ಎಂದರೆ ಗುರುತ್ವ ಮಸೂರ: ಏಬೆಲ್ 2744ರಂಥ ಗೆಲಾಕ್ಸಿ ಗುಚ್ಛದ ಹಿಂದೆ ಇರುವ ವಸ್ತುವಿನ ಬೆಳಕು ಹಿಗ್ಗಿ ಬರುತ್ತದೆ. ಅನ್‌ಕವರ್ ತಂಡ ಅಲ್ಲಿ ಝಡ್ 13.08 ಮತ್ತು 12.39ರ ಎರಡನ್ನು ಖಚಿತಪಡಿಸಿತು. ಆದರೆ ಮಸೂರ ಹಿಗ್ಗಿಸುವ ಕಡೆ ನೋಡುವ ವಿಸ್ತಾರ ಅಷ್ಟೇ ಪಾಲು ಕುಗ್ಗುತ್ತದೆ, ಮತ್ತು ಎಷ್ಟು ಹಿಗ್ಗಿದೆ ಎಂಬ ಮಾದರಿಯ ತಪ್ಪು ನೇರವಾಗಿ ನಿಮ್ಮ ಎಣಿಕೆಗೆ ಇಳಿಯುತ್ತದೆ.

ಇವುಗಳಿಂದ ಮಹಾಸ್ಫೋಟ ಸಿದ್ಧಾಂತ ಸುಳ್ಳಾಯಿತೇ?

ಇಲ್ಲ. ಝಡ್ 10ರ ಆಚೆ ಪ್ರಕಾಶಮಾನ ಗೆಲಾಕ್ಸಿಗಳು ನಿರೀಕ್ಷೆಗಿಂತ ಹೆಚ್ಚು ಸಿಕ್ಕಿರುವುದು ನಿಜ. ನಿರೀಕ್ಷೆ ನಿಂತಿದ್ದದ್ದು ಅನಿಲದಿಂದ ನಕ್ಷತ್ರಗಳು ಎಷ್ಟು ಬೇಗ ಹುಟ್ಟುತ್ತವೆ ಎಂಬ ಅಂದಾಜಿನ ಮೇಲೆ. ನಕ್ಷತ್ರಗಳು ಅಲೆಅಲೆಯಾಗಿ ಹುಟ್ಟುತ್ತಿದ್ದವೇ, ದೂಳು ಕಡಿಮೆಯಿತ್ತೇ, ಭಾರಿ ನಕ್ಷತ್ರಗಳ ಪಾಲು ಹೆಚ್ಚಿತ್ತೇ, ಕಪ್ಪುಕುಳಿಯ ಬೆಳಕೂ ಸೇರಿದೆಯೇ ಎಂಬುದು ಈಗಿನ ಚರ್ಚೆ.

ವೆಬ್ ದತ್ತಾಂಶ ನಮಗೂ ಸಿಗುತ್ತದೆಯೇ?

ಸಿಗುತ್ತದೆ, ಪುಕ್ಕಟೆ. ಬಾಲ್ಟಿಮೋರ್‌ನ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯ ಮಾಸ್ಟ್ ಭಂಡಾರದಲ್ಲಿ ಮೂಲ ದತ್ತಾಂಶ, ಕೋಪನ್‌ಹೇಗನ್‌ನ ಡಾನ್ ಕೇಂದ್ರದ ಭಂಡಾರದಲ್ಲಿ ಜೋಡಿಸಿ ಸಿದ್ಧಪಡಿಸಿದ ಚಿತ್ರ ಮತ್ತು ರೋಹಿತಗಳಿವೆ. ಕೆಲವು ಯೋಜನೆಗಳ ದತ್ತಾಂಶ ಒಂದು ವರ್ಷದವರೆಗೆ ಆ ತಂಡಕ್ಕೇ ಮೀಸಲು, ದೊಡ್ಡ ಸಮೀಕ್ಷೆಗಳದ್ದು ಹೆಚ್ಚಾಗಿ ತಕ್ಷಣವೇ ತೆರೆದಿರುತ್ತದೆ.

ಹೊಸಬರು ಮೂಲ ಕಡತಗಳಿಂದ ಶುರುಮಾಡಬೇಡಿ. ಸಿದ್ಧ ಕ್ಯಾಟಲಾಗ್ ಇಳಿಸಿಕೊಂಡು ಟಾಪ್‌ಕ್ಯಾಟ್ ಎಂಬ ಕೋಷ್ಟಕ ತಂತ್ರಾಂಶದಲ್ಲಿ ತೆರೆದು, ಮೇಲಿನ ಆಯ್ಕೆ ನಿಯಮಗಳನ್ನು ಹಾಕಿ. ಉಳಿದ ಒಂದೊಂದು ವಸ್ತುವಿಗೂ ಎಲ್ಲ ಫಿಲ್ಟರ್‌ಗಳ ಪುಟ್ಟ ತುಣುಕುಗಳನ್ನು ಡಿಎಸ್9 ಎಂಬ ಚಿತ್ರ ನೋಡುವ ತಂತ್ರಾಂಶದಲ್ಲಿ ಸಾಲಾಗಿಟ್ಟು ಕಣ್ಣಿನಿಂದ ನೋಡಿ. ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ನೀವೇ ಬೆಳಕು ಅಳೆಯುವುದಾದರೆ ಪೈಥಾನ್‌ನ ಆಸ್ಟ್ರೋಪೈ ಮತ್ತು ಫೋಟ್ಯುಟಿಲ್ಸ್ ಬೇಕು. ಆಗ ಚಿತ್ರದ ಕಡತದ ಹೆಡರ್‌ನಲ್ಲಿ (ಆರಂಭದ ವಿವರಗಳ ಭಾಗ) ಏಕಮಾನ ಯಾವುದೆಂದು ಮೊದಲು ಓದಿ. ಮಾಸ್ಟ್‌ನ ಚಿತ್ರಗಳು ಸ್ಟೆರೇಡಿಯನ್‌ಗೆ ಮೆಗಾಜಾನ್ಸ್ಕಿಯಲ್ಲಿರುತ್ತವೆ. ಪಿಕ್ಸೆಲ್ 0.03 ಆರ್ಕ್‌ಸೆಕೆಂಡ್ ಆಗಿದ್ದರೆ ಒಂದು ಏಕಮಾನ 21.15 ನ್ಯಾನೋಜಾನ್ಸ್ಕಿಗೆ ಸಮ. ಡಾನ್ ಚಿತ್ರಗಳಲ್ಲಿ ಒಂದು ಏಕಮಾನ 10 ನ್ಯಾನೋಜಾನ್ಸ್ಕಿ. ಎರಡನ್ನೂ ಬೆರೆಸಿದರೆ ಬಣ್ಣವೇ ಕೆಟ್ಟು, ಇಲ್ಲದ ಅಂಚು ಹುಟ್ಟಿಕೊಳ್ಳುತ್ತದೆ.

ಹೀಗೆ ತೆರೆದಿಟ್ಟ ದತ್ತಾಂಶದಿಂದ ದೊಡ್ಡ ಕೆಲಸ ಆಗುತ್ತದೆ. ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ 2025ರಲ್ಲಿ ಪ್ರಕಟಿಸಿದ ಅಲಕನಂದಾ ಎಂಬ ಸುರುಳಿ ಗೆಲಾಕ್ಸಿ ಏಬೆಲ್ 2744ರ ದಿಕ್ಕಿನ ವೆಬ್ ಚಿತ್ರಗಳಲ್ಲೇ ಸಿಕ್ಕದ್ದು. ಅದರ ಝಡ್ ಸುಮಾರು 4.

ಮನೆಯ ದೂರದರ್ಶಕದಲ್ಲಿ ಕಾಣುತ್ತದೆಯೇ?

ಇಲ್ಲ. ಬೆಳಕು ಅವಕೆಂಪಿಗೆ ಸರಿದಿದೆ, ವಾತಾವರಣವೇ ಆ ತರಂಗಾಂತರಗಳಲ್ಲಿ ಬೆಳಗುತ್ತದೆ.

ಈ ಹುಡುಕಾಟದಲ್ಲಿ ಕರ್ನಾಟಕದ ಪಾಲೇನಾದರೂ ಇದೆಯೇ?

ಇದೆ, ಬೇರೆ ದಾರಿಯಲ್ಲಿ. ಬಿಡಿ ಗೆಲಾಕ್ಸಿಯನ್ನು ನೋಡುವ ಬದಲು, ಮೊದಲ ನಕ್ಷತ್ರಗಳು ಸುತ್ತಲಿನ ಹೈಡ್ರೋಜನ್ ಮೇಲೆ ಮಾಡಿದ ಪರಿಣಾಮವನ್ನು ರೇಡಿಯೋದಲ್ಲಿ ಹುಡುಕುವುದು. ಹೈಡ್ರೋಜನ್‌ನ 1420 ಮೆಗಾಹರ್ಟ್ಸ್ ಗೆರೆ ಝಡ್ 17ರಿಂದ ಹೊರಟರೆ 79 ಮೆಗಾಹರ್ಟ್ಸ್‌ಗೆ ಇಳಿದಿರುತ್ತದೆ. 2018ರಲ್ಲಿ ಎಡ್ಜಸ್ ಎಂಬ ರೇಡಿಯೋ ಪ್ರಯೋಗ 78 ಮೆಗಾಹರ್ಟ್ಸ್ ಬಳಿ ಸಂಕೇತದಲ್ಲಿ ಆಳವಾದ ತಗ್ಗು ಕಂಡೆವೆಂದು ಹೇಳಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ತನ್ನ ಸರಸ್-3 ಆಂಟೆನಾವನ್ನು 2020ರ ಆರಂಭದಲ್ಲಿ ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟಿತು. ನೆಲದ ಮೇಲಾದರೆ ಕೆಳಗಿನ ಮಣ್ಣು, ಕಲ್ಲು, ತೇವದ ಪದರಗಳು ಅಳತೆಗೆ ತಮ್ಮದೇ ಏರಿಳಿತ ಬೆರೆಸುತ್ತವೆ. ನೀರು ಎಲ್ಲ ಕಡೆ ಒಂದೇ ಸಮ. 2022ರಲ್ಲಿ ಬಂದ ಫಲಿತಾಂಶದಲ್ಲಿ ಎಡ್ಜಸ್ ಹೇಳಿದ ಆಕಾರದ ತಗ್ಗು ಇಲ್ಲ ಎಂದು ಶೇ. 95.3ರ ಭರವಸೆಯೊಂದಿಗೆ ತೋರಿಸಿದರು.

ನಗರದಲ್ಲಿ ಯಾಕೆ ಆಗದು ಎನ್ನುವವರಿಗೆ ಒಂದು ಲೆಕ್ಕ: ಎಫ್‌ಎಂ ರೇಡಿಯೋದ 87.5ರಿಂದ 108 ಮೆಗಾಹರ್ಟ್ಸ್ ಪಟ್ಟಿ ಸರಿಯಾಗಿ ಝಡ್ 12ರಿಂದ 15ರ ಹೈಡ್ರೋಜನ್ ಬರುವ ಜಾಗ. ವೆಬ್ ದಾಖಲೆಯ ಗೆಲಾಕ್ಸಿಗಳೆಲ್ಲ ಇರುವ ಕಾಲವೇ ಅದು. ಹಾಡು ಕೇಳಿಸುವ ಊರಿನಲ್ಲಿ ಆ ಸಂಕೇತಕ್ಕೆ ಕಿವಿಗೊಡಲಾಗದು, ಅದಕ್ಕೇ ಸರಸ್-3 ಊರುಗಳಿಂದ ದೂರ ಹೋಗಿ 55ರಿಂದ 85 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಿತು.